ಪ್ರೋಗ್ರಾಂ ಅಲ್ಲಿ, ವಿಂಡೋ ಇಲ್ಲಿ

ಎಲ್ಲರಿಗೂ ನಮಸ್ಕಾರ. ಒಂದು ಸಾಫ್ಟ್‌ವೇರ್ ಬೇಕು ಅಂದ ಕೂಡಲೇ ನಮ್ಮ ಕೈ ಹೋಗುವುದು ಇನ್‌ಸ್ಟಾಲ್ ಬಟನ್ ಕಡೆಗೆ, ಅಲ್ವಾ? ಲ್ಯಾಬಿನಲ್ಲಿ ಮೂವತ್ತು ಕಂಪ್ಯೂಟರ್ ಇದ್ದರೆ ಮೂವತ್ತಕ್ಕೂ ಹಾಕಬೇಕು, ಮೂವತ್ತನ್ನೂ ಅಪ್‌ಡೇಟ್ ಮಾಡಬೇಕು. ಲಿನಕ್ಸ್‌ನಲ್ಲಿ ಎಷ್ಟೋ ಸಲ ಇದು ಬೇಕಾಗುವುದೇ ಇಲ್ಲ. ಪ್ರೋಗ್ರಾಂ ಒಂದು ಯಂತ್ರದಲ್ಲಿ ಓಡುತ್ತದೆ, ಅದರ ವಿಂಡೋ ಇನ್ನೊಂದರ ಪರದೆ ಮೇಲೆ ತೆರೆದುಕೊಳ್ಳುತ್ತದೆ.

ಇದು ಹೊಸದಲ್ಲ. ಅಮೆರಿಕದ ಎಂಐಟಿಯಲ್ಲಿ 1984ರಲ್ಲಿ ಬಾಬ್ ಶೈಫ್ಲರ್, ಜಿಮ್ ಗೆಟ್ಟಿಸ್ ಮತ್ತವರ ಜೊತೆಗಾರರು ಪರದೆ ಮೇಲೆ ವಿಂಡೋ ತೋರಿಸುವ ಎಕ್ಸ್ ವಿಂಡೋ ಸಿಸ್ಟಮ್ ಶುರು ಮಾಡಿದರು. ಅಲ್ಲಿ ಬೇರೆ ಬೇರೆ ಕಂಪನಿಗಳ ಯಂತ್ರಗಳಿದ್ದವು, ಯಾವುದರ ಮುಂದೆ ಕೂತರೂ ಕೆಲಸ ನಡೆಯಬೇಕಿತ್ತು. ಹಾಗಾಗಿ ನೆಟ್‌ವರ್ಕ್ ಅದರ ಬುನಾದಿಯಲ್ಲೇ ಇತ್ತು. 1987ರಲ್ಲಿ ಬಂದ ಅದರ ಹನ್ನೊಂದನೇ ಆವೃತ್ತಿ ಎಕ್ಸ್11 ಇವತ್ತಿಗೂ ಕೆಲಸ ಮಾಡುತ್ತಿದೆ. "ಇಲ್ಲೊಂದು ಗೆರೆ ಎಳಿ, ಇಲ್ಲಿ ಈ ಚಿತ್ರ ಇಡು" ಅಂತ ಪ್ರೋಗ್ರಾಂ ಹೇಳುತ್ತದೆ. ಪರದೆ ಇರುವ ಕಡೆಯ ಎಕ್ಸ್ ಸರ್ವರ್ ಅದನ್ನು ಮಾಡಿ, ನೀವು ಒತ್ತಿದ ಕೀ, ಸರಿಸಿದ ಮೌಸ್ ಎಲ್ಲವನ್ನೂ ವಾಪಸ್ ಕಳಿಸುತ್ತದೆ.

ಈಗ ಪರದೆ ನೋಡಿ. ಇನ್ನೊಂದು ಯಂತ್ರಕ್ಕೆ ಸುರಕ್ಷಿತವಾಗಿ ಲಾಗಿನ್ ಆಗುವ ಕಮಾಂಡ್ ಎಸ್‌ಎಸ್‌ಎಚ್ ಅಂತ ಬರೆದು, ಮೈನಸ್ ದೊಡ್ಡ ಎಕ್ಸ್ ಹಾಕಿ, ಆ ಕಡೆಯ ಯಂತ್ರಕ್ಕೆ ಲಾಗಿನ್ ಆದೆ. ವಿಂಡೋ ಎಲ್ಲಿ ತೆರೆಯಬೇಕು ಅಂತ ತಿಳಿಸುವ ಡಿಸ್‌ಪ್ಲೇ ವೇರಿಯಬಲ್ ಏನು ಹೇಳುತ್ತಿದೆ? ಲೋಕಲ್‌ಹೋಸ್ಟ್, 10.0. ಅಂದರೆ ದಾರಿ ಸರಿಯಾಗಿದೆ. ಈಗ ಚಿತ್ರ ತಿದ್ದುವ ಪ್ರೋಗ್ರಾಂ ಜಿಂಪ್ ಅಂತ ಟೈಪ್ ಮಾಡಿದೆ, ಬಂತು ನೋಡಿ. ಈ ಲ್ಯಾಪ್‌ಟಾಪಿನಲ್ಲಿ ಜಿಂಪ್ ಇಲ್ಲವೇ ಇಲ್ಲ! ನಿಮ್ಮಲ್ಲಿ ಬರದಿದ್ದರೆ ಆ ಕಡೆ ಎಕ್ಸ್ ಅನುಮತಿ ನೋಡಿಕೊಳ್ಳುವ ಎಕ್ಸ್‌ಆತ್ ಪ್ರೋಗ್ರಾಂ ಇದೆಯಾ, ಎಸ್‌ಎಸ್‌ಎಚ್ ಸರ್ವರಿನ ಸೆಟ್ಟಿಂಗಿನಲ್ಲಿ ಎಕ್ಸ್11 ಫಾರ್ವರ್ಡಿಂಗ್ ಆನ್ ಆಗಿದೆಯಾ ಅಂತ ಮೊದಲು ನೋಡಿ.

ಕನ್ನಡದಲ್ಲಿ ಕೆಲಸ ಮಾಡುವವರು ಇನ್ನೊಂದು ಗಮನಿಸಬೇಕು. ಈಗಿನ ಪ್ರೋಗ್ರಾಂಗಳು ಅಕ್ಷರವನ್ನು ತಾವು ಓಡುವ ಕಡೆಯೇ ಬರೆದು, ಚಿತ್ರ ಮಾಡಿ ಕಳಿಸುತ್ತವೆ. ಹಾಗಾಗಿ ಕನ್ನಡ ಫಾಂಟ್ ನಿಮ್ಮ ಲ್ಯಾಪ್‌ಟಾಪಿನಲ್ಲಿ ಇದ್ದರೆ ಸಾಲದು, ಆ ಕಡೆಯ ಯಂತ್ರದಲ್ಲಿ ಇರಬೇಕು. ಇಲ್ಲದಿದ್ದರೆ ಬರೀ ಚೌಕ ಚೌಕ ಕಾಣುತ್ತದೆ.

ಒಂದೇ ಕಟ್ಟಡದ ಒಳಗೆ ಇದು ಸಲೀಸು. ದೂರದ ಊರಿಂದ ಆದರೆ ಮೆನು ತೆರೆಯುವುದಕ್ಕೇ ಕಾಯಬೇಕಾಗುತ್ತದೆ, ಯಾಕೆಂದರೆ ಸಣ್ಣ ಸಣ್ಣ ವಿಷಯಕ್ಕೂ ಪ್ರಶ್ನೆ ಹೋಗಿ ಉತ್ತರ ಬರಬೇಕು. ಅಂಥ ಕಡೆ ಎಕ್ಸ್‌ಪ್ರಾ ಅನ್ನುವ ಪ್ರೋಗ್ರಾಂ ಬಳಸಿ. ನೆಟ್ ಕಡಿದು ಹೋದರೂ ಪ್ರೋಗ್ರಾಂ ಆ ಕಡೆ ಓಡುತ್ತಲೇ ಇರುತ್ತದೆ, ಮತ್ತೆ ಸೇರಿಕೊಳ್ಳಬಹುದು. ಎಕ್ಸ್ ಜಾಗಕ್ಕೆ ಬರುತ್ತಿರುವ ವೇಲ್ಯಾಂಡ್‌ನ ಪ್ರೋಗ್ರಾಂಗಳ ವಿಂಡೋ ಹೀಗೆ ಕಳಿಸಲು ವೇಪೈಪ್ ಇದೆ. ಆದರೆ ಗುರುತಿಲ್ಲದ ಯಂತ್ರಕ್ಕೆ ಎಕ್ಸ್ ಬಾಗಿಲು ತೆರೆಯಲೇಬೇಡಿ. ಆ ಕಡೆ ಕೆಟ್ಟವರಿದ್ದರೆ ನೀವು ಬೇರೆ ವಿಂಡೋದಲ್ಲಿ ಒತ್ತುವ ಪಾಸ್‌ವರ್ಡನ್ನೂ ಕದ್ದು ನೋಡಬಹುದು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಎಲ್‌ಟಿಎಸ್‌ಪಿ, ಅಂದರೆ ಲಿನಕ್ಸ್ ಟರ್ಮಿನಲ್ ಸರ್ವರ್ ಪ್ರಾಜೆಕ್ಟ್, 1999ರಲ್ಲಿ ಶುರುವಾದ ಯೋಜನೆ. ಹಾರ್ಡ್ ಡಿಸ್ಕೇ ಇಲ್ಲದ ಹಳೇ ಕಂಪ್ಯೂಟರ್ ಕೂಡ ನೆಟ್‌ವರ್ಕಿನಿಂದ ಬೂಟ್ ಆಗುತ್ತದೆ, ಸರ್ವರ್ ಒಂದಕ್ಕೆ ಸಾಫ್ಟ್‌ವೇರ್ ಹಾಕಿದರೆ ಲ್ಯಾಬಿಗೆಲ್ಲ ಬಂತು. ಎಷ್ಟು ಶಾಲೆಗಳಲ್ಲಿ ಹಳೇ ಯಂತ್ರಗಳು ಸುಮ್ನೆ ಧೂಳು ತಿನ್ನುತ್ತಿವೆ, ಅವುಗಳಲ್ಲಿ ಎಷ್ಟೋ ಇನ್ನೂ ಮಕ್ಕಳ ಕೈಗೆ ಬರಬಹುದು. ಅದೋ, ಆ ಮೂಲೆಯ ಯಂತ್ರದ ಡಿಸ್ಕ್ ತೆಗೆದಿಟ್ಟಿದ್ದೇನೆ. ಚಹಾ ಕುಡಿದು ಬನ್ನಿ, ನೀವೇ ಬೂಟ್ ಮಾಡಿ ನೋಡುವಿರಂತೆ.