ಟೆರೇಸಿನ ಮೇಲೊಂದು ಟೆಲಿಸ್ಕೋಪ್

ಕೇಳುಗರೆಲ್ಲರಿಗೂ ನಮಸ್ಕಾರ.

ಮುಂಬಯಿಯಲ್ಲಿ ನಕ್ಷತ್ರ ನೋಡುವ ಮಾತೆತ್ತಿದರೆ ಸಾಕು, "ಇಲ್ಲೇನು ಕಾಣುತ್ತೆ? ಊರಿಗೆ ಹೋದಾಗ ನೋಡಿದರಾಯ್ತು" ಅನ್ನುವವರೇ ಜಾಸ್ತಿ. ಕುಂದಾಪುರದ ಅಂಗಳದಲ್ಲೋ ವಿಜಯಪುರದ ಮಾಳಿಗೆ ಮೇಲೋ ಮಲಗಿ ಆಕಾಶ ನೋಡಿ ಬೆಳೆದವರಿಗೆ ಹಾಗೆ ಅನ್ನಿಸುವುದು ಸಹಜ. ಡೊಂಬಿವಿಲಿಯ ಟೆರೇಸಿನಿಂದ ಬರಿಗಣ್ಣಿಗೆ ಕಾಣುವ ನಕ್ಷತ್ರಗಳು ಕಡಿಮೆಯೇ. ಆದರೆ ಟೆಲಿಸ್ಕೋಪಿನ ಲೆಕ್ಕ ಬೇರೆ. ನಗರದ ಬೆಳಕು ನುಂಗುವುದು ಮಸುಕಾದವುಗಳನ್ನು: ಆಕಾಶಗಂಗೆ, ದೂರದ ಗೆಲಾಕ್ಸಿಗಳು, ತೆಳುವಾದ ನೀಹಾರಿಕೆಗಳು. ಚಂದ್ರ, ಗುರು, ಶನಿ, ಜೋಡಿ ನಕ್ಷತ್ರಗಳು ನಮ್ಮ ಬೀದಿದೀಪಗಳಿಗೆ ಸೊಪ್ಪು ಹಾಕುವುದಿಲ್ಲ. ಹೊಸಬರು ಒಂದೆರಡು ವರ್ಷ ಮನಸಾರೆ ನೋಡುವಷ್ಟು ಸಂಗತಿ ಈ ಊರಿನ ಮೇಲೇ ಇದೆ. ಹಿತ್ತಲಿಲ್ಲ ಅನ್ನುವ ಕೊರಗೂ ಬೇಡ. ಸೊಸೈಟಿಯ ಸೆಕ್ರೆಟರಿಯವರಿಗೆ ಒಂದು ಮಾತು ಹೇಳಿ, ವಾಚ್‌ಮನ್ ಹತ್ತಿರ ಟೆರೇಸಿನ ಕೀಲಿಕೈ ಇಸಿದುಕೊಂಡರೆ ಅಷ್ಟೇ ಸಾಕು.

ಈಗ ಕೊಳ್ಳುವ ವಿಚಾರ. ಮಕ್ಕಳ ಹುಟ್ಟುಹಬ್ಬಕ್ಕೆ ಅಂತ ತರುವ ಪೆಟ್ಟಿಗೆಗಳ ಮೇಲೆ 525 ಪಟ್ಟು, 675 ಪಟ್ಟು ಎಂದು ದೊಡ್ಡದಾಗಿ ಅಚ್ಚಾಗಿರುತ್ತದೆ. ದಯವಿಟ್ಟು ಆ ಅಂಕಿ ನೋಡಿ ಹಣ ಕೊಡಬೇಡಿ. ಟೆಲಿಸ್ಕೋಪಿನ ಶಕ್ತಿ ಇರುವುದು ಅದರ ಬಾಯಿಯ ಅಗಲದಲ್ಲಿ. ಮುಂದಿನ ಲೆನ್ಸು ಅಥವಾ ತಳದಲ್ಲಿರುವ ಕನ್ನಡಿ ಎಷ್ಟು ಮಿಲಿಮೀಟರ್ ಇದೆ ಅಂತ ಕೇಳಿ. ಅದರ ಎರಡು ಪಟ್ಟಿನವರೆಗೆ ಮಾತ್ರ ಬಿಂಬವನ್ನು ಹಿಗ್ಗಿಸಿ ಲಾಭವಿದೆ. 60 ಮಿಲಿಮೀಟರಿನದಾದರೆ 120 ಪಟ್ಟು, ಅಲ್ಲಿಗೆ ಮುಗೀತು. ಅದರಾಚೆ ಹಿಗ್ಗಿಸಿದರೆ ಬಿಂಬ ದೊಡ್ಡದಾಗುತ್ತದೆ, ಜೊತೆಗೇ ಮಂಕಾಗುತ್ತದೆ, ಹೊಸದೇನೂ ಕಾಣುವುದಿಲ್ಲ. ಅದೇ 150 ಮಿಲಿಮೀಟರ್ ಕನ್ನಡಿ 60ರ ಲೆನ್ಸಿಗಿಂತ ಆರು ಪಟ್ಟಿಗೂ ಜಾಸ್ತಿ ಬೆಳಕು ಹಿಡಿಯುತ್ತದೆ.

ಅಗಲದಷ್ಟೇ ಮುಖ್ಯ ಸ್ಟ್ಯಾಂಡು. ಜನ ಇದರ ಕಡೆ ಗಮನ ಕೊಡುವುದೇ ಇಲ್ಲ ಅನ್ನುವುದು ನನಗೆ ಬೇಸರದ ವಿಷಯ. ತೆಳ್ಳಗಿನ ಕಾಲುಗಳ ಸ್ಟ್ಯಾಂಡಿನ ಮೇಲೆ ಎಷ್ಟು ಒಳ್ಳೆಯ ಲೆನ್ಸು ಕೂರಿಸಿದರೂ ಉಪಯೋಗವಿಲ್ಲ. ಫೋಕಸ್ ಮಾಡಲು ತಿರುಪು ಮುಟ್ಟುತ್ತೀರಿ, ಶನಿ ಕುಣಿಯಲು ಶುರು ಮಾಡುತ್ತಾನೆ. ಕೈ ತೆಗೆದು ಕಾಯುತ್ತೀರಿ. ಅಲುಗಾಟ ನಿಲ್ಲುವಷ್ಟರಲ್ಲಿ ಆತ ಅಂಚಿನಿಂದ ಜಾರಿ ಹೋಗಿರುತ್ತಾನೆ. ಹೀಗೆ ನಾಲ್ಕು ದಿನ ಆದರೆ ಮಕ್ಕಳಿಗೆ ಬೇಜಾರು, ಟೆಲಿಸ್ಕೋಪಿಗೆ ಅಟ್ಟ.

ಈ ತೊಂದರೆಗೆ ಸರಳ ಮದ್ದು ಕೊಟ್ಟವರು ಜಾನ್ ಡಾಬ್ಸನ್. ಇವರು ಸನ್ಯಾಸಿಯಾಗಿದ್ದವರು ಎಂದರೆ ನಿಮಗೆ ಆಶ್ಚರ್ಯವಾಗಬಹುದು. 1944ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ರಾಮಕೃಷ್ಣ ಪರಂಪರೆಯ ವೇದಾಂತ ಸೊಸೈಟಿಯ ಮಠ ಸೇರಿದರು. ಮಠದಲ್ಲಿದ್ದುಕೊಂಡೇ ಹಡಗಿನ ಕಿಟಕಿಯ ಹಳೇ ಗಾಜನ್ನು ಕೈಯಲ್ಲಿ ಉಜ್ಜಿ ಕನ್ನಡಿ ಮಾಡಿದರು. ರಟ್ಟಿನ ಕೊಳವೆ, ಪ್ಲೈವುಡ್ ಪೆಟ್ಟಿಗೆ ಸೇರಿಸಿ ಟೆಲಿಸ್ಕೋಪ್ ಕಟ್ಟಿದರು. 1967ರಲ್ಲಿ ಮಠ ಬಿಡಬೇಕಾಯಿತು. ಆಮೇಲೆ ರಸ್ತೆ ಬದಿಯಲ್ಲಿ ಟೆಲಿಸ್ಕೋಪ್ ಇಟ್ಟು, ಹೋಗಿ ಬರುವವರನ್ನು ಕರೆದು ಚಂದ್ರನನ್ನು, ಶನಿಯನ್ನು ತೋರಿಸುತ್ತಾ ಬದುಕು ಕಳೆದರು. ತಮ್ಮ ವಿನ್ಯಾಸಕ್ಕೆ ಪೇಟೆಂಟ್ ಮಾಡಿಸಲಿಲ್ಲ. 2014ರಲ್ಲಿ ತೀರಿಕೊಂಡರು. ಇವತ್ತು ಡಾಬ್ಸೋನಿಯನ್ ಎಂಬ ಹೆಸರಿನಲ್ಲಿ ಸಿಗುವುದು ಅದೇ ಮಾದರಿ. ನೆಲಕ್ಕೆ ಕಚ್ಚಿ ಕೂತ ಒಂದು ಪೆಟ್ಟಿಗೆ, ಅದರ ಮೇಲೆ ಕೊಳವೆ. ಕೈಯಿಂದ ಮೆಲ್ಲಗೆ ತಳ್ಳಿದರೆ ಬೇಕಾದ ಕಡೆ ತಿರುಗುತ್ತದೆ, ಬಿಟ್ಟಲ್ಲಿ ನಿಲ್ಲುತ್ತದೆ. ಮೊದಲ ಟೆಲಿಸ್ಕೋಪ್ ಯಾವುದು ಅಂತ ಯಾರು ಕೇಳಿದರೂ ನಾನು ಹೇಳುವುದು ಇದನ್ನೇ. 150 ಮಿಲಿಮೀಟರಿನದು ಸುಮಾರು 15 ಕಿಲೋ ತೂಗುತ್ತದೆ. ಒಂದು ಬಿಎಚ್‌ಕೆ ಮನೆಯವರು 130 ಮಿಲಿಮೀಟರಿನ, ಮೇಜಿನ ಮೇಲಿಡುವ ಚಿಕ್ಕ ಡಾಬ್ಸೋನಿಯನ್ ತಗೊಳ್ಳಿ. ಮಂಚದ ಕೆಳಗೆ ಹಿಡಿಸುತ್ತದೆ, ಲಿಫ್ಟಿನಲ್ಲಿ ಒಬ್ಬರೇ ಒಯ್ಯಬಹುದು. ಎತ್ತಿ ಒಯ್ಯಲು ಸುಲಭವಾದದ್ದೇ ದಿನಾ ಬಳಕೆಗೆ ಬರುತ್ತದೆ. ಬಜೆಟ್ ಅಷ್ಟಿಲ್ಲವಾದರೆ ಸದ್ಯಕ್ಕೆ 10x50 ಬೈನಾಕ್ಯುಲರ್, ಅಂದರೆ ಹತ್ತು ಪಟ್ಟು ಹಿಗ್ಗಿಸುವ, 50 ಮಿಲಿಮೀಟರ್ ಲೆನ್ಸಿನದು, ಸಾಕು. ಕೃತ್ತಿಕೆಯ ನಕ್ಷತ್ರಗುಚ್ಛ ಟೆಲಿಸ್ಕೋಪಿಗಿಂತ ಬೈನಾಕ್ಯುಲರಿನಲ್ಲೇ ಚೆಂದ.

ತಂದ ದಿನವೇ ರಾತ್ರಿಗೆ ಕಾಯುತ್ತಾ ಕೂರಬೇಡಿ. ಹಗಲಲ್ಲೇ ಒಂದು ಕೆಲಸ ಮುಗಿಸಿಡಿ. ದೂರದ ಬಿಲ್ಡಿಂಗಿನ ನೀರಿನ ಟ್ಯಾಂಕನ್ನೋ ಮೊಬೈಲ್ ಟವರನ್ನೋ ಟೆಲಿಸ್ಕೋಪಿನ ನಡುವಿಗೆ ತನ್ನಿ. ಗುರಿ ಹಿಡಿಯಲೆಂದು ಮೇಲೆ ಕೂರಿಸಿದ ಪುಟ್ಟ ಫೈಂಡರಿನ ತಿರುಪುಗಳನ್ನು ತಿರುಗಿಸಿ, ಅದರಲ್ಲೂ ಅದೇ ಟ್ಯಾಂಕು ನಡುವಿಗೆ ಬರುವಂತೆ ಮಾಡಿ. ಇದನ್ನು ಮಾಡದೆ ರಾತ್ರಿ ಗ್ರಹ ಹುಡುಕಲು ಹೊರಟರೆ ಕತ್ತು ನೋವಷ್ಟೇ ಲಾಭ. ಟ್ಯಾಂಕು ತಲೆಕೆಳಗಾಗಿ ಕಂಡರೆ ಗಾಬರಿ ಬೇಡ, ಈ ಬಗೆಯ ಟೆಲಿಸ್ಕೋಪಿನಲ್ಲಿ ಬಿಂಬ ಇರುವುದೇ ಹಾಗೆ. ಹಗಲಲ್ಲಿ ಸೂರ್ಯನಿರುವ ಕಡೆಗೆ ಮಾತ್ರ ಅಪ್ಪಿತಪ್ಪಿಯೂ ತಿರುಗಿಸಬೇಡಿ. ಒಂದು ಕ್ಷಣದಲ್ಲಿ ಕಣ್ಣು ಹೋಗುತ್ತದೆ, ಮತ್ತೆ ಬರುವುದಿಲ್ಲ. ಕೆಲವು ಅಗ್ಗದ ಟೆಲಿಸ್ಕೋಪುಗಳ ಜೊತೆ, ಕಣ್ಣಿಡುವ ಕಡೆ ಸಿಕ್ಕಿಸುವ ಕಪ್ಪು ಗಾಜೊಂದನ್ನು ಸೂರ್ಯನಿಗೆ ಅಂತ ಕೊಟ್ಟಿರುತ್ತಾರೆ. ಕಾವಿಗೆ ಅದು ಸಿಡಿದು ಒಡೆಯಬಹುದು. ಕಂಡ ಕೂಡಲೇ ಕಸಕ್ಕೆ ಹಾಕಿ.

ಮೊದಲ ರಾತ್ರಿಗೆ ಚಂದ್ರನಷ್ಟು ಒಳ್ಳೆಯ ಗುರಿ ಇನ್ನೊಂದಿಲ್ಲ. ಹುಣ್ಣಿಮೆ ಮಾತ್ರ ಬೇಡ. ಹುಣ್ಣಿಮೆ ಚಂದ್ರನ ಮೇಲೆ ಬಿಸಿಲು ನೇರವಾಗಿ ಬೀಳುವುದರಿಂದ ನೆರಳೇ ಇರುವುದಿಲ್ಲ, ಎಲ್ಲವೂ ಸಪಾಟು. ಗೋಡೆಯ ಕ್ಯಾಲೆಂಡರಿನಲ್ಲಿ ಶುಕ್ಲ ಪಕ್ಷದ ಪಂಚಮಿಯಿಂದ ದಶಮಿಯವರೆಗೆ ಗುರುತು ಹಾಕಿಕೊಳ್ಳಿ. ಸಂಜೆಯಾಗುತ್ತಲೇ ಚಂದ್ರ ಮೇಲೆ ಇರುತ್ತಾನೆ, ನಿದ್ದೆಗೆಡುವುದೂ ಬೇಕಿಲ್ಲ. ಬೆಳಕು ಮುಗಿದು ಕತ್ತಲೆ ಶುರುವಾಗುವ ಗೆರೆಯ ಉದ್ದಕ್ಕೂ ನಿಧಾನವಾಗಿ ಕಣ್ಣು ಓಡಿಸಿ. ಅಲ್ಲಿ ಆಗ ತಾನೇ ಸೂರ್ಯ ಹುಟ್ಟುತ್ತಿರುತ್ತಾನೆ. ಕುಳಿಗಳ ಒಂದು ಗೋಡೆ ಬೆಳ್ಳಗೆ, ಇನ್ನೊಂದು ಕಪ್ಪು. ಗೆರೆಯಾಚೆಯ ಕತ್ತಲೆಯಲ್ಲಿ ಒಂಟಿಯಾಗಿ ಹೊಳೆಯುವ ಚುಕ್ಕಿಗಳು ಕಾಣುತ್ತವೆ. ಅವು ಬಿಸಿಲು ತಾಗಿದ ಬೆಟ್ಟದ ತುದಿಗಳು, ಬುಡ ಇನ್ನೂ ರಾತ್ರಿಯಲ್ಲೇ ಇರುತ್ತದೆ. ಅರ್ಧ ಗಂಟೆ ಬಿಟ್ಟು ನೋಡಿ, ಚುಕ್ಕಿ ಕೊಂಚ ದೊಡ್ಡದಾಗಿರುತ್ತದೆ. ನವಮಿ, ದಶಮಿಯ ಹೊತ್ತಿಗೆ ಕೋಪರ್ನಿಕಸ್ ಎಂಬ ಕುಳಿ ಬೆಳಕಿಗೆ ಬರುತ್ತದೆ. ಅಗಲ 93 ಕಿಲೋಮೀಟರ್. ಸಿಎಸ್‌ಎಂಟಿಯಲ್ಲಿ ಲೋಕಲ್ ರೈಲು ಹತ್ತಿ ಕರ್ಜತಿನಲ್ಲಿ ಇಳಿಯುವಷ್ಟು ದಾರಿ ಅಂದುಕೊಳ್ಳಿ. ಅದರೊಳಗಿನ ಮೆಟ್ಟಿಲು ಮೆಟ್ಟಿಲಾದ ಗೋಡೆ, ನಡುವಿನ ಗುಡ್ಡಗಳು ಎಲ್ಲವನ್ನೂ ನಿಮ್ಮ ಟೆರೇಸಿನಿಂದಲೇ ನೋಡಬಹುದು.

ಯಾವಾಗಲೂ ಕಡಿಮೆ ಪಟ್ಟಿನಿಂದ ಶುರು ಮಾಡಿ. ಕಣ್ಣಿಟ್ಟು ನೋಡುವ ಪುಟ್ಟ ಲೆನ್ಸಿಗೆ ಐಪೀಸ್ ಅನ್ನುತ್ತಾರೆ. 25 ಎಂದು ಬರೆದದ್ದು ಕಡಿಮೆ ಹಿಗ್ಗಿಸುತ್ತದೆ, 10 ಎಂದು ಬರೆದದ್ದು ಜಾಸ್ತಿ. ಕನ್ನಡಿ ಅಥವಾ ಲೆನ್ಸಿನಿಂದ ಬಿಂಬ ಮೂಡುವ ಜಾಗದವರೆಗಿನ ದೂರಕ್ಕೆ ನಾಭಿದೂರ ಅನ್ನುತ್ತಾರೆ. 1200 ಮಿಲಿಮೀಟರ್ ನಾಭಿದೂರದ ಟೆಲಿಸ್ಕೋಪಿಗೆ 25ರದು ಹಾಕಿದರೆ 48 ಪಟ್ಟು, 10ರದು ಹಾಕಿದರೆ 120. ಭಾಗಿಸಿದರಾಯಿತು. 120 ಪಟ್ಟಿನಲ್ಲಿ ಗ್ರಹ ಒಂದೂವರೆ ನಿಮಿಷದಲ್ಲೇ ಈ ಅಂಚಿನಿಂದ ಆ ಅಂಚಿಗೆ ಜರುಗಿ ಹೋಗುತ್ತದೆ. ಜರುಗುತ್ತಿರುವುದು ನಾವು ನಿಂತ ಭೂಮಿ. ಅದು ತಿರುಗುವುದನ್ನು ಕಣ್ಣಾರೆ ನೋಡಿದ ಹಾಗಾಯಿತು, ಅಲ್ವಾ? ಬಿಂಬ ನೀರಿನೊಳಗಿದ್ದಂತೆ ನಡುಗುತ್ತಿದ್ದರೆ ಟೆಲಿಸ್ಕೋಪನ್ನು ಬೈಯಬೇಡಿ. ಹಗಲೆಲ್ಲ ಕಾದ ಕಾಂಕ್ರೀಟು ಬಿಸಿ ಬಿಡುತ್ತಿರುತ್ತದೆ. ಊಟ ಮುಗಿಸಿ, ತಡವಾಗಿ ಮೇಲೆ ಹೋಗಿ. ಏಸಿ ಕೋಣೆಯಿಂದ ತಂದದ್ದಾದರೆ ಅರ್ಧ ಗಂಟೆ ಹೊರಗಿನ ಗಾಳಿಗೆ ಹೊಂದಿಕೊಳ್ಳಲು ಬಿಡಿ.

ಗುರುವಿನ ಪಕ್ಕದ ನಾಲ್ಕು ಚುಕ್ಕಿಗಳನ್ನು, ಅಂದರೆ ಅದರ ಚಂದ್ರರನ್ನು, ಗೆಲಿಲಿಯೋ 1610ರ ಜನವರಿಯಲ್ಲಿ ಕಂಡ. ನೀವೂ ಅವುಗಳ ಜಾಗವನ್ನು ಒಂದು ಚೀಟಿಯಲ್ಲಿ ಗುರುತು ಹಾಕಿ, ಮರುದಿನ ಹೋಲಿಸಿ ನೋಡಿ. ಶನಿಯ ಬಳೆ 2025ರ ಮಾರ್ಚಿನಲ್ಲಿ ನಮಗೆ ಅಂಚು ತೋರಿಸಿ ಗೆರೆಯಾಗಿಬಿಟ್ಟಿತ್ತು. ಅಲ್ಲಿಂದ ವರ್ಷದಿಂದ ವರ್ಷಕ್ಕೆ ಅರಳುತ್ತಾ ಬರುತ್ತದೆ. ಶನಿಕಾಟ ಅಂತ ಹೆದರುವ ಹಿರಿಯರಿಗೆ ಒಮ್ಮೆ ತೋರಿಸಿ, ಅವರ ಮುಖ ನೋಡುವುದೇ ಒಂದು ಖುಷಿ. ಮದುವೆಯಲ್ಲಿ ಪುರೋಹಿತರು ಅರುಂಧತಿ ತೋರಿಸಿದಾಗ ಸುಮ್ನೆ ಹೂಂ ಅಂದವರೇ ನಾವೆಲ್ಲ. ಬೇಸಿಗೆಯ ಸಂಜೆ ಸಪ್ತರ್ಷಿ ಮಂಡಲದ ಬಾಲದ ನಡುವಿನ ನಕ್ಷತ್ರವಾದ ವಸಿಷ್ಠನ ಕಡೆಗೆ ಟೆಲಿಸ್ಕೋಪ್ ತಿರುಗಿಸಿ. ಅರುಂಧತಿ ಬೇರೆಯಾಗಿ ಕಾಣುವುದಂತೂ ಸರಿ, ವಸಿಷ್ಠನೇ ಎರಡಾಗಿ ಕಾಣುತ್ತಾನೆ.

ಕೊಳ್ಳುವ ಮೊದಲು ಬೇರೆಯವರ ಟೆಲಿಸ್ಕೋಪಿನಲ್ಲಿ ನೋಡಿ ಬನ್ನಿ. ಮುಂಬಯಿಯ ಖಗೋಲ್ ಮಂಡಳದವರು ಬದಲಾಪುರದಾಚೆ ವಾಂಗಣಿ ಕಡೆ ರಾತ್ರಿಯಿಡೀ ಆಕಾಶ ನೋಡುವ ಕಾರ್ಯಕ್ರಮ ನಡೆಸುತ್ತಾ ಬಂದಿದ್ದಾರೆ. ಪುಣೆಯಲ್ಲಿ 1944ರಿಂದ ಜ್ಯೋತಿರ್ವಿದ್ಯಾ ಪರಿಸಂಸ್ಥೆ ಇದೆ. ಗೋವಾದವರಿಗೆ ಪಣಜಿಯ ಜುಂತಾ ಹೌಸಿನ ಟೆರೇಸಿನಲ್ಲಿ ಸಾರ್ವಜನಿಕ ವೀಕ್ಷಣಾಲಯವಿತ್ತು, ಈಗ ಎಲ್ಲಿ ಅಂತ ವಿಚಾರಿಸಿಕೊಂಡು ಹೋಗಿ. ಇಂಥವರ ಜೊತೆ ಕಳೆದ ಒಂದು ರಾತ್ರಿ ಹತ್ತು ವಿಡಿಯೋಗಳಿಗಿಂತ ಜಾಸ್ತಿ ಕಲಿಸುತ್ತದೆ.

ಕೊನೆಯದಾಗಿ ಮಳೆಗಾಲದ ಮಾತು. ಜೂನಿನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಆಕಾಶ ಸಿಗುವುದು ಅಪರೂಪ. ನಮ್ಮ ಕರಾವಳಿಯ ತೇವಕ್ಕೆ ಗಾಜಿನ ಮೇಲೆ ಬೂಷ್ಟು ಹಿಡಿಯುತ್ತದೆ. ಐಪೀಸುಗಳನ್ನು ಗಾಳಿಯಾಡದ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಕೊಳವೆಯ ಎರಡೂ ತುದಿ ಮುಚ್ಚಿ. ಕನ್ನಡಿ ಮೇಲೆ ತುಸು ಧೂಳು ಕಂಡರೆ ಸೀರೆ ಸೆರಗಿನಿಂದಲೋ ಕರ್ಚೀಫಿನಿಂದಲೋ ಒರೆಸಲು ಹೋಗಬೇಡಿ. ಧೂಳಿನಿಂದ ಬಿಂಬಕ್ಕೆ ಏನೂ ಆಗುವುದಿಲ್ಲ, ಗೀರು ಬಿದ್ದರೆ ಮಾತ್ರ ಹೋಗುವುದಿಲ್ಲ. ಅಕ್ಟೋಬರಿನಲ್ಲಿ ಮೋಡ ಸರಿದ ಮೊದಲ ಸಂಜೆಗೆ ಎಲ್ಲ ಸಿದ್ಧವಿರಲಿ. ನಮಸ್ಕಾರ.