ನನ್ನ ಸ್ಮಿಯರ್ ಯಾಕೆ ನೀಲಿ ಆಗ್ತಿತ್ತು?

ಕೋಲಾರ, ಬೆಳಿಗ್ಗೆ ಏಳೂವರೆ. ಟೊಮೆಟೊ ಗಾಡಿಗಳೆಲ್ಲ ಎಪಿಎಂಸಿ ಕಡೆ ಹೊರಟಿವೆ, ನಾನು ಲ್ಯಾಬ್ ಬಾಗಿಲು ತೆಗೆಯುತ್ತಿದ್ದೇನೆ. ಇವತ್ತು ಬ್ಲಡ್ ಸ್ಮಿಯರ್, ಅಂದರೆ ಮೈಕ್ರೋಸ್ಕೋಪಲ್ಲಿ ನೋಡೋಕೆ ಗಾಜಿನ ಸ್ಲೈಡ್ ಮೇಲೆ ತೆಳ್ಳಗೆ ಸವರಿದ ರಕ್ತ. ರಕ್ತ ನನ್ನದೇ. ಪೇಷೆಂಟ್‌ಗಳದ್ದನ್ನು ಕ್ಯಾಮೆರಾಗೆ ತೋರಿಸೋ ಹಾಗಿಲ್ಲ.

ರಕ್ತ ಹೆಪ್ಪುಗಟ್ಟದಂತೆ ತಡೆಯೋ ಇಡಿಟಿಎ ಇರುವ, ನೇರಳೆ ಮುಚ್ಚಳದ ಟ್ಯೂಬನ್ನು ಮೆಲ್ಲಗೆ 8-10 ಸಲ ತಲೆಕೆಳಗು ಮಾಡಿ. ಕುಲುಕಬೇಡಿ. ಸ್ಲೈಡಿನ ಒಂದು ತುದಿಯಿಂದ 1 ಸೆಂಟಿಮೀಟರ್ ಒಳಗೆ, ಸಾಸಿವೆ ಕಾಳಿಗಿಂತ ತುಸು ದೊಡ್ಡ ಹನಿ. ಸಾಕು.

ಈಗ ಕೈ ನೋಡಿ. ಇನ್ನೊಂದು ಸ್ಲೈಡನ್ನು 30ರಿಂದ 45 ಡಿಗ್ರಿ ವಾಲಿಸಿ ಹನಿಯ ಮುಂದೆ ಇಟ್ಟೆ. ಹಿಂದಕ್ಕೆ ತಂದು ಹನಿಗೆ ಮುಟ್ಟಿಸಿದೆ. ರಕ್ತ ಅಂಚಿನುದ್ದಕ್ಕೂ ಓಡಿತು, ಅಲ್ವಾ? ತಕ್ಷಣ ಒಂದೇ ಉಸಿರಿಗೆ ಮುಂದಕ್ಕೆ. ಒತ್ತಬಾರದು, ನಡುವೆ ನಿಲ್ಲಬಾರದು. ನಿಂತರೆ ಪಟ್ಟೆ ಪಟ್ಟೆ. ತುದಿ ನಾಲಿಗೆ ಥರ ದುಂಡಗೆ, ತೆಳ್ಳಗೆ ಬರಬೇಕು. ರಕ್ತಹೀನತೆ ಇದ್ದವರ ರಕ್ತ ನೀರುನೀರಾಗಿರುತ್ತದೆ, ಅದಕ್ಕೆ ಸ್ಲೈಡ್ ಇನ್ನೂ ನೆಟ್ಟಗೆ ಹಿಡಿದು ಬೇಗ ಎಳೆಯಿರಿ.

ಒಣಗಲು ಇಟ್ಟು ಮರೆಯಬೇಡಿ. ಮಾವಿನ ಸೀಸನ್‌ನಲ್ಲಿ ನಮ್ಮ ಕಡೆ ನೊಣ ಜಾಸ್ತಿ. ಒಂದು ಸಲ ಟೀ ಕುಡಿದು ಬರುವಷ್ಟರಲ್ಲಿ ಸ್ಮಿಯರನ್ನು ತೂತು ತೂತಾಗಿ ತಿಂದುಬಿಟ್ಟಿದ್ದವು! ಸುಮ್ನೆ ಹೇಳ್ತಿಲ್ಲ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಇನ್ನೊಂದು ಪೇಚಾಟ. ಒಂದು ವಾರ ಪೂರ್ತಿ ನನ್ನ ಸ್ಮಿಯರೆಲ್ಲ ನೀಲಿ. ಕೆಂಪು ರಕ್ತಕಣ ಕೂಡ ಬೂದುನೀಲಿ. ಕೈಯದೇ ತಪ್ಪು ಅಂದುಕೊಂಡೆ. ಸ್ಟೇನ್, ಅಂದರೆ ಕಣಗಳಿಗೆ ಬಣ್ಣ ಕೊಡೋ ದ್ರಾವಣದ ಹೊಸ ಬಾಟಲಿ ತೆಗೆದೆ. ಅದೇ ನೀಲಿ. ಕೊನೆಗೆ ಸೀನಿಯರ್ ಅಕ್ಕ ಸಿಂಕ್ ಕಡೆ ಕೈ ತೋರಿಸಿ, "ಬೋರ್ ನೀರು ಹಾಕ್ತಿದ್ದೀಯಲ್ಲಮ್ಮ" ಅಂದರು. ಬಕೆಟ್ ಮೇಲೆ ಬಿಳಿ ಪೊರೆ ಕಟ್ಟೋ, ಕ್ಷಾರದ ಗಡಸು ನೀರು ಅದು. ನಾವು ಬಳಸೋ ಲೀಶ್ಮನ್ ಸ್ಟೇನ್‌ಗೆ ನೀರಿನ ಬದಲು ಪಿಎಚ್ 6.8ರ ಬಫರ್ (ಪಿಎಚ್ ಸುಲಭಕ್ಕೆ ಬದಲಾಗದ ದ್ರಾವಣ) ಬೇಕು. ಕ್ಷಾರ ಜಾಸ್ತಿಯಾದರೆ ನೀಲಿ, ಆಮ್ಲ ಜಾಸ್ತಿಯಾದರೆ ಕೆಂಪು.

ಈಗ ಹೀಗೆ: ಸ್ಟೇನ್ ಹಾಕಿ 2 ನಿಮಿಷ, ಆಮೇಲೆ ಅದರ ಎರಡರಷ್ಟು ಬಫರ್, 8 ನಿಮಿಷ. ಮೇಲೆ ಹಸಿರು ಹೊಳಪಿನ ಕೆನೆ ಕಾಣ್ತಿದೆಯಾ? ಸ್ಲೈಡ್ ಬಗ್ಗಿಸಿ ಚೆಲ್ಲಿದರೆ ಅದು ಸ್ಮಿಯರ್ ಮೇಲೇ ಕೂರುತ್ತದೆ, ಆ ಚುಕ್ಕೆಗಳು ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸೋ ಪುಟ್ಟ ಕಣ) ಅಂತ ಮೋಸ ಮಾಡುತ್ತವೆ. ಬಫರ್ ಹರಿಸಿ ತೇಲಿಸಿಬಿಡಿ.

ಒಣಗಿತು. ಸ್ಮಿಯರಿನ ಬಾಲಕ್ಕೆ, ಅಂದರೆ ಆ ತೆಳ್ಳಗಿನ ತುದಿಗೆ ಸ್ವಲ್ಪ ಮೊದಲು, ಕಣಗಳು ಒಂದಕ್ಕೊಂದು ತಾಗಿಯೂ ತಾಗದ ಹಾಗಿರುವ ಜಾಗಕ್ಕೆ ಬಂದೆ. ಒಂದು ಹನಿ ಎಣ್ಣೆ, 100ರ ಲೆನ್ಸ್. ಸುತ್ತ ತಿಳಿ ಗುಲಾಬಿ ಕಣಗಳು, ನಡುವೆ ಒಂದು ನ್ಯೂಟ್ರೋಫಿಲ್, ಬಿಳಿ ರಕ್ತಕಣದ ಒಂದು ಬಗೆ. ನೇರಳೆ ನ್ಯೂಕ್ಲಿಯಸ್, ಮೂರು ಗಂಟು. ಹಾಯ್, ನಂದೇ ನೀನು.