ಲೈಬ್ರರಿಯಲ್ಲಿ ಸದ್ದು ಮಾಡುವ ಮಗುವಿಗೂ ಜಾಗ ಬೇಕು

ನಮಸ್ಕಾರ. ಇವತ್ತಿನ ಮಾತು ಲೈಬ್ರರಿಗಳಲ್ಲಿ ಕೆಲಸ ಮಾಡುವವರ ಜೊತೆ. ಆಟಿಸಂ, ಅಂದರೆ ಮಿದುಳಿನ ಬೆಳವಣಿಗೆಯೇ ಬೇರೆ ಥರ ಆಗಿರುವ ಸ್ಥಿತಿ, ಇರುವ ಮಗುವಿನ ಅಪ್ಪ ಅಮ್ಮ ಕೇಳುತ್ತಿದ್ದರೆ ಇನ್ನೂ ಸಂತೋಷ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ಲೈಬ್ರರಿಯಷ್ಟು ಒಗ್ಗುವ ಸಾರ್ವಜನಿಕ ಜಾಗ ಇನ್ನೊಂದು ಸಿಗುವುದು ಕಷ್ಟ. ಆದರೂ ಅವರನ್ನು ಅಲ್ಲಿಗೆ ಕರೆದುಕೊಂಡು ಹೋಗಲು ಮನೆಯವರು ಹೆದರುತ್ತಾರೆ. ಒಳಗೆ ಕಾಲಿಟ್ಟ ತಕ್ಷಣ ಕಾಣುವ 'ನಿಶ್ಶಬ್ದವಾಗಿರಿ' ಬೋರ್ಡು, ಮಗು ಒಂದು ಸದ್ದು ಮಾಡಿದರೆ ತಿರುಗಿ ನೋಡುವ ಹತ್ತಾರು ಮುಖಗಳು. ಆ ಹೆದರಿಕೆ ಹೋಗಬೇಕಾದರೆ ಮೊದಲು ಬದಲಾಗಬೇಕಾದವರು ಕೌಂಟರಿನ ಈಚೆ ಇರುವವರು, ಅಂದರೆ ನೀವು.

ಯಾಕೆ ಒಗ್ಗುತ್ತದೆ ಅಂತ ನೋಡಿ. ಲೈಬ್ರರಿಯಲ್ಲಿ ಪ್ರತಿ ಪುಸ್ತಕಕ್ಕೂ ಒಂದು ನಂಬರ್, ಒಂದು ಜಾಗ. ವಿಷಯಕ್ಕೊಂದು ನಂಬರ್ ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ವರ್ಗೀಕರಣ ಬಂದದ್ದು 1876ರಲ್ಲಿ. ಅದನ್ನು ಬಳಸುವ ಯಾವ ಲೈಬ್ರರಿಗೆ ಹೋದರೂ 385ರಲ್ಲಿ ರೈಲು, 520ರಲ್ಲಿ ಖಗೋಳ, 567ರ ಸುತ್ತಮುತ್ತ ಡೈನೋಸಾರ್. ನಾಳೆ ಏನಾಗುತ್ತದೋ ಎನ್ನುವ ಆತಂಕದಲ್ಲೇ ಬದುಕುವ ಮಗುವಿಗೆ ಈ ಕ್ರಮ ದೊಡ್ಡ ಆಸರೆ. ಜೊತೆಗೆ ಇಲ್ಲಿ ಯಾರ ಮುಖವನ್ನೂ ನೋಡಬೇಕಿಲ್ಲ. ಒಬ್ಬನೇ ಕೂತರೆ ಯಾಕಪ್ಪ ಅಂತ ಕೇಳುವವರಿಲ್ಲ.

ಈಗ ಸದ್ದಿನ ವಿಷಯ. ಕೆಲವು ಮಕ್ಕಳು ಗುನುಗುತ್ತಾರೆ, ಮೈ ತೂಗುತ್ತಾರೆ, ಕೈ ಬಡಿಯುತ್ತಾರೆ, ಎಲ್ಲೋ ಕೇಳಿದ ಒಂದು ಸಾಲನ್ನೇ ಮತ್ತೆ ಮತ್ತೆ ಹೇಳುತ್ತಾರೆ. ಎಷ್ಟೋ ಸಲ ಅದು ಮಗು ತನ್ನನ್ನು ತಾನೇ ಸಮಾಧಾನ ಮಾಡಿಕೊಳ್ಳುವ ದಾರಿ. ಅದನ್ನು ತಡೆದರೆ ಮಗುವಿನ ಒತ್ತಡ ಇನ್ನೂ ಜಾಸ್ತಿ ಆಗಬಹುದು. ಹಾಗಾದರೆ ಪರೀಕ್ಷೆಗೆ ಓದುವವರು ಎಲ್ಲಿಗೆ ಹೋಗಬೇಕು? ನ್ಯಾಯವಾದ ಪ್ರಶ್ನೆ. ಇದಕ್ಕಿಂತ ಕಷ್ಟದ್ದು ಇನ್ನೊಂದಿದೆ: ಆಟಿಸಂ ಇರುವ ಒಂದು ಮಗು ಗುನುಗುತ್ತದೆ, ಅದೇ ಸದ್ದಿಗೆ ಆಟಿಸಂ ಇರುವ ಇನ್ನೊಂದು ಮಗು ಕಿವಿ ಮುಚ್ಚಿಕೊಳ್ಳುತ್ತದೆ. ಇಬ್ಬರಿಗೂ ಸರಿಯಾದ ಒಂದೇ ನಿಯಮ ಇಲ್ಲ. ಅದಕ್ಕೇ ಹೇಳುವುದು, ಮೌನ ಒಂದು ಕೋಣೆಗೆ ಸಾಕು, ಇಡೀ ಕಟ್ಟಡಕ್ಕೆ ಬೇಡ. ಸದ್ದು ತಡೆಯುವ ಒಂದೆರಡು ಇಯರ್‌ಮಫ್ ಕೌಂಟರಿನಲ್ಲಿ ಇರಲಿ.

ವಾರಕ್ಕೊಂದು ಸಲ ದೀಪ ಮಂದ ಮಾಡಿ, ಅನೌನ್ಸ್‌ಮೆಂಟ್ ನಿಲ್ಲಿಸಿ, ಒಂದು ಗಂಟೆ ಮೀಸಲಿಡುವ ಲೈಬ್ರರಿಗಳಿವೆ. ಒಳ್ಳೆಯದು. ದಿನ, ಹೊತ್ತು ಮಾತ್ರ ಬದಲಾಗಬಾರದು. ಆದರೆ ಬೇರೆ ಹೊತ್ತಿನಲ್ಲಿ ಬಂದವರಿಗೆ "ನಿಮ್ಮ ಟೈಮ್ ಶನಿವಾರ ಅಲ್ವಾ?" ಅನ್ನುವ ಹಾಗಾದರೆ ಆ ಗಂಟೆ ಇಲ್ಲದಿರುವುದೇ ವಾಸಿ.

ಆಟಿಸಂನಂಥವನ್ನು ಗುರುತಿಸಲು ಮನೋವೈದ್ಯರು ಬಳಸುವ, 2013ರಲ್ಲಿ ಬಂದ ಡಿಎಸ್ಎಂ-5 ಕೈಪಿಡಿ, ಬೆಳಕು, ಸದ್ದು, ಸ್ಪರ್ಶದಂಥವಕ್ಕೆ ಅತಿಯಾಗಿಯೋ ತೀರಾ ಕಡಿಮೆಯಾಗಿಯೋ ಸ್ಪಂದಿಸುವುದನ್ನು ಆಟಿಸಂನ ಲಕ್ಷಣಗಳಲ್ಲಿ ಸೇರಿಸಿತು. ಹಾಗಾಗಿ ಒಂದು ಕೆಲಸ ಮಾಡಿ. ಮಕ್ಕಳ ವಿಭಾಗದಲ್ಲಿ ನೆಲದ ಮೇಲೆ ಹತ್ತು ನಿಮಿಷ ಸುಮ್ನೆ ಕೂತುಕೊಳ್ಳಿ. ಟ್ಯೂಬ್‌ಲೈಟಿನ ಗುಂಯ್ ಸದ್ದು, ಸ್ಕ್ಯಾನರಿನ ಬೀಪ್, ಶೌಚಾಲಯದಲ್ಲಿ ಕೈ ಒಣಗಿಸುವ ಯಂತ್ರದ ಅಬ್ಬರ, ಎಲ್ಲ ಕೇಳಿಸುತ್ತದೆ. ಯಾವುದನ್ನು ನಿಲ್ಲಿಸಬಹುದು ಅಂತ ಅಲ್ಲೇ ಗೊತ್ತಾಗುತ್ತದೆ.

ನಿಲ್ಲಿಸಲು ಆಗದ್ದನ್ನು ಮೊದಲೇ ತಿಳಿಸಿ. ಬಾಗಿಲು, ಕೌಂಟರ್, ಅಲ್ಲಿ ಕೂರುವವರ ಮುಖ, ಬೀಪ್ ಅನ್ನುವ ಆ ಸ್ಕ್ಯಾನರ್, ಇಷ್ಟರ ಫೋಟೋ ಹಾಕಿ, ಒಂದೊಂದು ಸಾಲು ಬರೆದು ಮನೆಗೆ ಕೊಟ್ಟು ಕಳುಹಿಸಿ. ಶಿಕ್ಷಕಿ ಕ್ಯಾರಲ್ ಗ್ರೇ 1990ರ ದಶಕದಲ್ಲಿ ರೂಪಿಸಿದ ಸೋಷಿಯಲ್ ಸ್ಟೋರಿ ಅನ್ನುವ ಕ್ರಮವೂ ಹೀಗೆಯೇ, ಮುಂದೆ ಏನಾಗುತ್ತದೆ ಅನ್ನುವುದನ್ನು ಮಗುವಿಗೆ ಸರಳವಾಗಿ ಮೊದಲೇ ಹೇಳುವುದು. ಹಾಂ, ಕಪಾಟು ಅತ್ತಿತ್ತ ಮಾಡುವಾಗಲೂ ಇದೇ ನೆನಪಿರಲಿ. ನಿಮಗದು ಮಧ್ಯಾಹ್ನದ ಕೆಲಸ. ರೈಲಿನ ಪುಸ್ತಕಕ್ಕೆ ನೇರ ಓಡಿ ಬಂದ ಮಗುವಿಗೆ ಲೋಕವೇ ಜರುಗಿದ ಹಾಗೆ. ಹಳೆ ಜಾಗದಲ್ಲಿ ಬಾಣದ ಗುರುತಿರುವ ಒಂದು ಚಿತ್ರ ಅಂಟಿಸಿ.

ಮಾತಾಡುವಾಗ ಅಪ್ಪ ಅಮ್ಮನ ಜೊತೆ ಮಾತ್ರ ಮಾತಾಡಬೇಡಿ, ಮಗುವನ್ನೇ ಕೇಳಿ. ಒಂದು ಸಲಕ್ಕೆ ಒಂದೇ ಪ್ರಶ್ನೆ. ಉತ್ತರಕ್ಕೆ ಕಾಯಿರಿ, ನಿಮಗೆ ಮುಜುಗರ ಆಗುವಷ್ಟು ಹೊತ್ತು ಕಾಯಿರಿ. "ಓಡಬೇಡ" ಅನ್ನುವ ಬದಲು "ನಿಧಾನ ನಡಿ" ಅನ್ನಿ. ಟ್ಯಾಬ್‌ನಲ್ಲಿ ಚಿತ್ರ ಒತ್ತಿ ಮಾತಾಡುವ ಮಗುವಿಗೆ ಆ ಟ್ಯಾಬೇ ಬಾಯಿ, ಅದನ್ನು ಬ್ಯಾಗಿನಲ್ಲಿಡು ಅನ್ನಬೇಡಿ. ಕಥೆ ಹೇಳುವಾಗ ಮಗು ಹಿಂದೆ ನಿಂತು ಗೋಡೆ ನೋಡುತ್ತಿದ್ದರೂ ಕೇಳಿಸಿಕೊಳ್ಳುತ್ತಿರಬಹುದು.

ಮಾತು ಕಡಿಮೆ ಅಂತ ಓದು ಬರುವುದಿಲ್ಲ ಅಂದುಕೊಳ್ಳಲೂ ಬೇಡಿ. ತೀರಾ ಚಿಕ್ಕ ವಯಸ್ಸಿಗೇ ಸರಾಗವಾಗಿ ಓದುವ, ಆದರೆ ಓದಿದ್ದರ ಅರ್ಥ ಆಮೇಲೆ ಕೂಡಿಬರುವ ಮಕ್ಕಳಿದ್ದಾರೆ. ಹೈಪರ್‌ಲೆಕ್ಸಿಯಾ ಅನ್ನುತ್ತಾರೆ. ಅಂಥವರಿಗೆ ದಪ್ಪ ಪುಸ್ತಕ ಕೊಟ್ಟು ಶಭಾಷ್ ಅನ್ನುವುದಕ್ಕಿಂತ, ಚಿತ್ರ ಮತ್ತು ಮಾತು ಎರಡೂ ಸೇರಿರುವ ಪುಸ್ತಕ ಕೊಡುವುದು ಮೇಲು.

ಮಗು ಅದೇ ಪುಸ್ತಕ ಮತ್ತೆ ಕೇಳಿದರೆ ಕೊಟ್ಟುಬಿಡಿ. ನಮ್ಮ ದೇಶದ ಗ್ರಂಥಾಲಯ ತಜ್ಞ ಎಸ್.ಆರ್. ರಂಗನಾಥನ್ ಲೈಬ್ರರಿಗಳಿಗೆಂದು 1931ರಲ್ಲಿ ಬರೆದ ಐದು ಸೂತ್ರಗಳಲ್ಲಿ ಎರಡನೆಯದು, ಪ್ರತಿ ಓದುಗನಿಗೂ ಅವನ ಪುಸ್ತಕ. ಎಷ್ಟು ಸಲ ಅಂತ ಅದರಲ್ಲಿ ಮಿತಿ ಹಾಕಿಲ್ಲ.

ಒಂದು ದಿನ ಮಗು ತಡೆಯಲಾಗದೆ ಕಿರುಚಿ ಅಳಬಹುದು, ನೆಲಕ್ಕೆ ಬೀಳಬಹುದು. ಅದನ್ನು ಹಠ ಅನ್ನಬೇಡಿ. ಮಗುವನ್ನು ಎಳೆಯುವ ಬದಲು ಸುತ್ತ ನಿಂತವರನ್ನು ಕಳುಹಿಸಿ. ದೀಪ ಆರಿಸಿ, ಮಾತು ಕಡಿಮೆ ಮಾಡಿ, ಏನು ಮಾಡಬೇಕು ಅಂತ ಅಮ್ಮನನ್ನು ಕೇಳಿ. ಹರಿದ ಹಾಳೆಯ ದಂಡದ ಮಾತು ಆ ಹೊತ್ತಿಗೆ ಎತ್ತಲೇಬಾರದು. ಹೋಗುವಾಗ "ಮುಂದಿನ ವಾರ ಬನ್ನಿ" ಅನ್ನಿ. ಆ ಮನೆಯವರು ಮತ್ತೆ ಬರುತ್ತಾರೋ ಇಲ್ಲವೋ ಅನ್ನುವುದು ಬಹುಪಾಲು ಆ ಮೂರು ಪದದ ಮೇಲೆ ನಿಂತಿರುತ್ತದೆ.

ಇಷ್ಟನ್ನೂ ನನ್ನ ಬಾಯಿಂದ ಕೇಳುವುದಕ್ಕಿಂತ, ಆಟಿಸಂ ಇರುವ ದೊಡ್ಡವರನ್ನೇ ಕರೆದು ನಿಮ್ಮ ಲೈಬ್ರರಿ ಸುತ್ತಿಸಿ, ಏನು ಕಷ್ಟ ಅಂತ ಕೇಳಿ. ಈ ಮಕ್ಕಳೂ ದೊಡ್ಡವರಾಗುತ್ತಾರೆ. 15 ವರ್ಷದ ಹುಡುಗ ಮಕ್ಕಳ ವಿಭಾಗದಲ್ಲೇ ಕೂರುತ್ತೇನೆ ಅಂದರೆ ಕೂರಲಿ. ನಂಬರ್ ಪ್ರಕಾರ ಪುಸ್ತಕ ಜೋಡಿಸುವುದು ಅವನಿಗೆ ಇಷ್ಟವೇ ಅಂತ ಕೇಳಿ ನೋಡಿ. ಹೂಂ ಅಂದರೆ ಒಂದು ಕಪಾಟು ಅವನಿಗೇ ವಹಿಸಿ.